ಮರೆವಿನ ಕಾಯಿಲೆ: ವಿಮೆ ಯಾವುದಕ್ಕೆ ಹಣ ಕೊಡುತ್ತದೆ, ಯಾವುದಕ್ಕೆ ಇಲ್ಲ

ವಿಜಯಪುರದ ಜಲನಗರದವರಿಗೆ ದೊಡ್ಡ ಆಸ್ಪತ್ರೆ ದೂರವಿಲ್ಲ. ನಗರದಲ್ಲಿ ಸರಕಾರಿ ಜಿಲ್ಲಾ ಆಸ್ಪತ್ರೆ ಇದೆ, ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಇದೆ, ಅಲ್-ಅಮೀನ್ ಇದೆ. ತಿಕೋಟಾ, ಬಬಲೇಶ್ವರದವರೂ ಬಸ್ಸು ಹತ್ತಿ ಇಲ್ಲಿಗೇ ಬರುತ್ತಾರೆ. ಕೆಲವರು ಸೊಲ್ಲಾಪುರಕ್ಕೋ ಮೀರಜಕ್ಕೋ ಹೋಗುತ್ತಾರೆ. ಇಷ್ಟಿದ್ದೂ ಮನೆಯ ಹಿರಿಯರಿಗೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಶುರುವಾದಾಗ ಎಷ್ಟೋ ಮನೆಗಳು ವರ್ಷಗಟ್ಟಲೆ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ‘ವಯಸ್ಸಾತ್ರಿ, ಅರಳು ಮರಳು’ ಎಂಬ ಸಮಾಧಾನ ಅದಕ್ಕೊಂದು ಕಾರಣ. ಹಣ ಇನ್ನೊಂದು ಕಾರಣ. ಮನೆಯಲ್ಲಿ ಆಯುಷ್ಮಾನ್ ಕಾರ್ಡು ಇರುತ್ತದೆ, ಮಗನ ಕಂಪನಿಯ ಪಾಲಿಸಿಯೂ ಇರಬಹುದು. ಆದರೆ ಹಾಸಿಗೆ ಹಿಡಿದು ಅಡ್ಮಿಟ್ ಆಗುವತನಕ ಸಾಮಾನ್ಯವಾಗಿ ಎರಡೂ ಒಂದು ರೂಪಾಯಿ ಕೊಡುವುದಿಲ್ಲ.

ಡಿಮೆನ್ಷಿಯಾ ಎಂಟು ಹತ್ತು ವರ್ಷ ಎಳೆಯಬಹುದಾದ ಕಾಯಿಲೆ. ಆ ಅವಧಿಯ ಬಹುಪಾಲು ರೋಗಿ ಮನೆಯಲ್ಲೇ ಇರುತ್ತಾರೆ. ಖರ್ಚಾಗುವುದು ಮಾತ್ರೆಗೆ, ತಪಾಸಣೆಗೆ, ಡೈಪರಿಗೆ, ರಾತ್ರಿ ಎದ್ದು ಬಾಗಿಲು ತೆರೆದು ಹೊರಟವರನ್ನು ಕಾಯುವ ಆಳಿಗೆ. ನಮ್ಮ ವಿಮೆಯ ಪದ್ಧತಿ ಹಣ ಕೊಡುವುದು ಆಸ್ಪತ್ರೆಯ ಮಂಚಕ್ಕೆ. ಈ ಅಂತರವನ್ನು ಮೊದಲೇ ತಿಳಿದುಕೊಂಡ ಕುಟುಂಬ ಬರಬೇಕಾದ ಹಣವನ್ನು ಬಿಡದೆ ಪಡೆಯುತ್ತದೆ, ಬಾರದ ಹಣಕ್ಕೆ ಬೇರೆ ದಾರಿ ನೋಡಿಕೊಳ್ಳುತ್ತದೆ. ತಿಳಿಯದ ಕುಟುಂಬ ಎರಡೂ ಕಡೆ ಕಳೆದುಕೊಳ್ಳುತ್ತದೆ.

ಇದು ಅಪರೂಪದ ಕಾಯಿಲೆಯೇನೂ ಅಲ್ಲ. 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ದುಡಿಯುವ ವಯಸ್ಸಿನವರು ಗೋವಾ, ಪುಣೆ, ಬೆಂಗಳೂರು ಸೇರಿ ಮುದುಕರಷ್ಟೇ ಉಳಿದಿರುವ ನಮ್ಮ ಭಾಗದ ಹಳ್ಳಿಗಳಲ್ಲಿ ಈ ಮಾತಿನ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಕಾನೂನು ನಿಮ್ಮ ಪರವಾಗಿದೆ

‘ಮೆದುಳಿನ ಕಾಯಿಲೆ, ಮಾನಸಿಕ ಕಾಯಿಲೆಗೆ ವಿಮೆ ಬರೋದಿಲ್ಲ’ ಎಂದು ಇವತ್ತಿಗೂ ಹೇಳುವ ಏಜೆಂಟರಿದ್ದಾರೆ. ಅದು ಹಳೆಯ ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ದೈಹಿಕ ಕಾಯಿಲೆಗೆ ಯಾವ ಆಧಾರದಲ್ಲಿ ವಿಮೆ ಕೊಡುತ್ತಾರೋ ಮಾನಸಿಕ ಕಾಯಿಲೆಗೂ ಅದೇ ಆಧಾರದಲ್ಲಿ ಕೊಡಬೇಕು. ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಸುತ್ತೋಲೆ ಕಳಿಸಿತು. ಕಾಯ್ದೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಆಲೋಚನೆ, ಮನಃಸ್ಥಿತಿಯ ಜೊತೆಗೆ ದಿಕ್ಕು-ಕಾಲದ ಅರಿವು ಮತ್ತು ನೆನಪಿನ ಗಂಭೀರ ತೊಂದರೆಯೂ ಸೇರಿದೆ. ಮುಂದೆ 2019ರ ಸೆಪ್ಟೆಂಬರಿನ ಮಾರ್ಗಸೂಚಿಯಲ್ಲಿ ಐಆರ್‌ಡಿಎಐ ಇನ್ನೊಂದು ಹೆಜ್ಜೆ ಇಟ್ಟಿತು: ಮಾನಸಿಕ ಕಾಯಿಲೆ, ನರಕೋಶ ಸವೆಯುವ ಕಾಯಿಲೆಗಳ ಚಿಕಿತ್ಸೆಯನ್ನು ಯಾವ ಪಾಲಿಸಿಯೂ ಸಾರಾಸಗಟಾಗಿ ಹೊರಗಿಡಬಾರದು ಎಂದಿತು.

ಆದರೆ ಅದೇ ಮಾರ್ಗಸೂಚಿಯಲ್ಲಿ ಒಂದು ಬಾಗಿಲು ತೆರೆದೇ ಇದೆ. ಪಾಲಿಸಿ ಕೊಳ್ಳುವಾಗಲೇ ಇರುವ ಕೆಲವು ಕಾಯಿಲೆಗಳನ್ನು, ಗ್ರಾಹಕರ ಒಪ್ಪಿಗೆ ಪಡೆದು, ಶಾಶ್ವತವಾಗಿ ಹೊರಗಿಡಲು ಕಂಪನಿಗೆ ಅವಕಾಶವಿದೆ. ಆ ಪಟ್ಟಿಯಲ್ಲಿ ಮರೆವಿನ ಕಾಯಿಲೆಗಳಲ್ಲಿ ಒಂದಾದ ಅಲ್‌ಝೈಮರ್ ಇದೆ, ಪಾರ್ಕಿನ್ಸನ್ ಇದೆ, ಪಾರ್ಶ್ವವಾಯುವೂ ಇದೆ. ಕಾಯಿಲೆ ಗೊತ್ತಾದ ಮೇಲೆ ಹೊಸ ಪಾಲಿಸಿ ಕೊಳ್ಳಲು ಹೊರಟವರು ಪ್ರಸ್ತಾವನಾ ಪತ್ರದ ಜೊತೆ ಬರುವ ಒಪ್ಪಿಗೆಯ ಕಾಗದವನ್ನು ಓದದೆ ಸಹಿ ಹಾಕಬಾರದು. ಸಹಿ ಹಾಕಿದರೆ ಆ ಕಾಯಿಲೆಯ ಮಟ್ಟಿಗೆ ಎಷ್ಟು ವರ್ಷ ಕಂತು ಕಟ್ಟಿದರೂ ಹಣ ಬರುವುದಿಲ್ಲ. ಉಳಿದ ಕಾಯಿಲೆಗಳಿಗೆ ಬರುತ್ತದೆ, ಅದಕ್ಕಾದರೂ ಪಾಲಿಸಿ ಬೇಕು ಎನ್ನುವುದು ಬೇರೆ ವಿಚಾರ.

ಎಕ್ಸ್‌ಕ್ಲೂಷನ್ 05

ನಿಮ್ಮ ಪಾಲಿಸಿ ಪುಸ್ತಕ ತೆಗೆದು ‘ಎಕ್ಸ್‌ಕ್ಲೂಷನ್’ (ಹಣ ಸಿಗದ ಸಂಗತಿಗಳು) ಎಂಬ ಭಾಗಕ್ಕೆ ಬನ್ನಿ. ಪ್ರತಿಯೊಂದಕ್ಕೂ ಸಂಖ್ಯೆ ಇದೆ, ಎಲ್ಲ ಕಂಪನಿಗಳಲ್ಲೂ ಅದೇ ಸಂಖ್ಯೆ. 05 ಎಂದಿರುವಲ್ಲಿ ವಿಶ್ರಾಂತಿ, ಪುನಶ್ಚೇತನ, ಆರೈಕೆಯ ವಿಷಯ ಇರುತ್ತದೆ. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಓಡಾಡಿಸುವುದು ಮುಂತಾದ ದಿನನಿತ್ಯದ ನೆರವಿಗೆ, ಅದು ಮನೆಯಲ್ಲಾಗಲಿ ನರ್ಸಿಂಗ್ ಕೇಂದ್ರದಲ್ಲಾಗಲಿ, ತರಬೇತಿ ಪಡೆದ ನರ್ಸ್ ಮಾಡಲಿ ಸಾಮಾನ್ಯ ಆಳು ಮಾಡಲಿ, ಹಣ ಕೊಡುವುದಿಲ್ಲ ಎಂದು ಅಲ್ಲಿ ಬರೆದಿದೆ. ಡಿಮೆನ್ಷಿಯಾದವರಿಗೆ ಬೇಕಾದದ್ದು ಬಹುಮಟ್ಟಿಗೆ ಇದೇ ನೆರವು. ಒಂದು ಕಡೆ ಕಾಯಿಲೆಯನ್ನು ಹೊರಗಿಡಬೇಡಿ ಎಂದು ಹೇಳಿ, ಇನ್ನೊಂದು ಕಡೆ ಆ ಕಾಯಿಲೆಯ ಮುಖ್ಯ ಆರೈಕೆಯನ್ನೇ ಹೊರಗಿಟ್ಟಂತಾಗಿದೆ. ಇದು ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಅದರ ಹಿಂದಿನ 04 ಕೂಡ ಓದಿ. ಬರೀ ತಪಾಸಣೆಗಾಗಿ ಅಡ್ಮಿಟ್ ಆದರೆ ಹಣ ಇಲ್ಲ ಎನ್ನುತ್ತದೆ ಅದು. ‘ಒಂದು ರಾತ್ರಿ ಮಲಗಿಸಿ ಎಂಆರ್‌ಐ ಮಾಡಿಸಿಬಿಡೋಣ, ಕ್ಲೈಮ್ ಆಗ್ತದ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕ್ಲೈಮ್ ತಿರಸ್ಕಾರವಾಗುತ್ತದೆ, ಮಂಚದ ಬಾಡಿಗೆಯೂ ಕೈಯಿಂದ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಪರಿಚಯವಿಲ್ಲದ ವಾರ್ಡಿನಲ್ಲಿ ಒಂದು ರಾತ್ರಿ ಕಳೆದ ಹಿರಿಯರ ಗೊಂದಲ ಎಷ್ಟೋ ಸಲ ಹೆಚ್ಚಾಗಿ, ಮನೆಗೆ ಬಂದಮೇಲೂ ವಾರಗಟ್ಟಲೆ ಇಳಿಯುವುದಿಲ್ಲ.

ಹಾಗಾದರೆ ಯಾವುದಕ್ಕೆ ಹಣ ಬರುತ್ತದೆ? ಕಾಯಿಲೆಯ ದಾರಿಯಲ್ಲಿ ಎದುರಾಗುವ ತುರ್ತುಗಳಿಗೆ. ಬಿದ್ದು ಸೊಂಟದ ಮೂಳೆ ಮುರಿಯುವುದು, ಅನ್ನ-ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದು, ಮೂತ್ರದ ಸೋಂಕಿನಿಂದ ಇದ್ದಕ್ಕಿದ್ದಂತೆ ಮೈಮರೆತು ಕೂಗಾಡುವುದು, ತೀವ್ರ ಉದ್ರೇಕಕ್ಕೆ ಮನೋವೈದ್ಯರು ದಾಖಲು ಮಾಡಿಕೊಳ್ಳುವುದು. ಇವೆಲ್ಲ ಚಿಕಿತ್ಸೆಗಾಗಿ ಆಗುವ ದಾಖಲಾತಿ, ಪಾಲಿಸಿಯ ಷರತ್ತಿನೊಳಗೆ ಕಂಪನಿ ಹಣ ಕೊಡಲೇಬೇಕು. ಬಹುತೇಕ ಪಾಲಿಸಿಗಳಲ್ಲಿ ದಾಖಲಾಗುವ ಮೊದಲಿನ 30 ದಿನ, ಬಿಡುಗಡೆಯ ನಂತರದ 60 ದಿನಗಳ ಔಷಧಿ-ತಪಾಸಣೆಯೂ ಅದೇ ಕಾಯಿಲೆಗೆ ಸಂಬಂಧಿಸಿದ್ದರೆ ಸಿಗುತ್ತದೆ. ಎಲ್ಲ ಕಂಪನಿಗಳೂ ಮಾರುವ ‘ಆರೋಗ್ಯ ಸಂಜೀವನಿ’ ಎಂಬ ಮಾದರಿ ಪಾಲಿಸಿಯಲ್ಲೂ ಇದೇ ಲೆಕ್ಕ. ಬಿಡುಗಡೆಯಾದ ದಿನ ಬಿಲ್ಲಿನ ಫೈಲು ಮುಚ್ಚಿಡಬೇಡಿ. ನಂತರದ ಎರಡು ತಿಂಗಳ ಫಿಜಿಯೋಥೆರಪಿ, ಮಾತ್ರೆಯ ರಸೀದಿಗಳನ್ನು ವೈದ್ಯರ ಚೀಟಿ ಸಮೇತ ಸೇರಿಸಿ ಕಳಿಸಿ. ಹೆಚ್ಚಿನವರು ಈ ಹಣವನ್ನು ಕೇಳುವುದೇ ಇಲ್ಲ.

ಕೇಸ್ ಶೀಟಿನ ಆ ಒಂದು ಸಾಲು

ಕ್ಲೈಮ್ ಕೆಡುವುದು ಹೆಚ್ಚಾಗಿ ದಾಖಲಾದ ರಾತ್ರಿಯೇ. ಸೊಂಟ ಮುರಿದ ಅತ್ತೆಯನ್ನು ಮಂಚದ ಮೇಲೆ ಮಲಗಿಸಿದ್ದಾರೆ. ಡ್ಯೂಟಿಯಲ್ಲಿರುವ ಕಿರಿಯ ವೈದ್ಯರು ಫೈಲು ಹಿಡಿದು ಕೇಳುತ್ತಾರೆ: ‘ಮರೆವು ಎಷ್ಟು ವರ್ಷದಿಂದ ಇದೆ?’ ಸೊಸೆ ಗಾಬರಿಯಲ್ಲೇ ಹೇಳುತ್ತಾಳೆ: ‘ಐದಾರು ವರ್ಷ ಆತ್ರಿ.’ ವೈದ್ಯರು ಬರೆದುಕೊಳ್ಳುತ್ತಾರೆ: ‘ಡಿಮೆನ್ಷಿಯಾ, 6 ವರ್ಷ.’ ಪಾಲಿಸಿ ತೆಗೆದುಕೊಂಡು ನಾಲ್ಕು ವರ್ಷವಾಗಿದೆ. ಫೈಲು ಕಂಪನಿಗೆ ಹೋಗುತ್ತದೆ, ‘ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ’ ಎಂಬ ಉತ್ತರ ಬರುತ್ತದೆ.

ಸೊಸೆ ಹೇಳಿದ್ದು ಸುಳ್ಳಲ್ಲ. ಆರು ವರ್ಷದ ಹಿಂದೆ ಅತ್ತೆ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದರು, ಅಷ್ಟೆ. ಆಗ ಯಾರೂ ವೈದ್ಯರಿಗೆ ತೋರಿಸಿರಲಿಲ್ಲ. ಈಗಿನ ನಿಯಮದಲ್ಲಿ ‘ಮೊದಲೇ ಇದ್ದ ಕಾಯಿಲೆ’ ಎಂದರೆ ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ್ದು, ಅಥವಾ ಅದಕ್ಕಾಗಿ ವೈದ್ಯರ ಸಲಹೆ-ಚಿಕಿತ್ಸೆ ಪಡೆದದ್ದು. ವೈದ್ಯರ ಬಳಿಗೇ ಹೋಗದ ಮರೆವು ಅದರಲ್ಲಿ ಬರುವುದಿಲ್ಲ. ಆದ್ದರಿಂದ ನಿಜವನ್ನೇ ಹೇಳಿ, ಬಿಡಿಸಿ ಹೇಳಿ: ಸಣ್ಣಪುಟ್ಟ ಮರೆವು ಯಾವಾಗಿನಿಂದ, ಮೊದಲು ವೈದ್ಯರಿಗೆ ತೋರಿಸಿದ್ದು ಯಾವ ತಿಂಗಳು, ಡಿಮೆನ್ಷಿಯಾ ಎಂದು ಹೇಳಿದ್ದು ಯಾವಾಗ. ಮೊದಲ ಚೀಟಿಯ ಫೋಟೊ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ. ಬಿಡುಗಡೆಗೆ ಮುಂಚೆ ಡಿಸ್ಚಾರ್ಜ್ ಸಾರಾಂಶ ಓದಿಸಿಕೊಳ್ಳಿ. ದಿನಾಂಕ ತಪ್ಪಿದ್ದರೆ ಆಗಲೇ ತಿದ್ದಿಸಿ. ದಾಖಲಾಗಲು ಮುಖ್ಯ ಕಾರಣ ಮೂಳೆ ಮುರಿತವಾಗಿದ್ದರೆ ಅದೇ ಮೊದಲ ಸಾಲಿನಲ್ಲಿರಬೇಕು. ‘ವಯೋಸಹಜ ತೊಂದರೆ’ ಎಂಬ ಮಾತು ಯಾವ ಕ್ಲೈಮಿಗೂ ಒಳ್ಳೆಯದಲ್ಲ. ಕಾಯಿಲೆಯ ಹೆಸರನ್ನೇ ಬರೆಯಲು ವಿನಂತಿಸಿ.

2024ರ ಬದಲಾವಣೆಗಳು ಇಲ್ಲಿ ನೆರವಿಗೆ ಬರುತ್ತವೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ 48 ತಿಂಗಳಿಂದ 36ಕ್ಕೆ ಇಳಿದಿದೆ. ಸತತ 60 ತಿಂಗಳು ಪಾಲಿಸಿ ನಡೆಸಿದ ಮೇಲೆ, ವಂಚನೆ ಸಾಬೀತಾಗದ ಹೊರತು, ‘ಮೊದಲು ಹೇಳಲಿಲ್ಲ’ ಎಂಬ ನೆಪದಲ್ಲಿ ಕ್ಲೈಮ್ ತಳ್ಳುವಂತಿಲ್ಲ. 65ರ ವಯೋಮಿತಿಯೂ ಹೋಗಿದೆ. ನಗದುರಹಿತ ಚಿಕಿತ್ಸೆಯ ಮನವಿಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿಯೂ ಇಲ್ಲ. ಹಾಗಾಗಿ ತಂದೆ-ತಾಯಿ ಚೆನ್ನಾಗಿರುವಾಗಲೇ ಪಾಲಿಸಿ ತೆಗೆದು ಒಂದು ಕಂತೂ ತಪ್ಪಿಸದೆ ನಡೆಸುವುದೇ ದೊಡ್ಡ ರಕ್ಷಣೆ. ಕೊಳ್ಳುವಾಗ ಮಾನಸಿಕ ಕಾಯಿಲೆಗೆ ಪ್ರತ್ಯೇಕ ಮಿತಿ ಹಾಕಿದ್ದಾರೆಯೇ, ಕೊಠಡಿ ಬಾಡಿಗೆಗೆ ಮಿತಿ ಎಷ್ಟು, ಪ್ರತಿ ಬಿಲ್ಲಿನಲ್ಲಿ ನಿಮ್ಮ ಪಾಲು ಎಷ್ಟು, ಈ ಮೂರನ್ನು ಕೇಳಿ. ಮಗನ ಕಂಪನಿಯ ಗುಂಪು ಪಾಲಿಸಿಯಲ್ಲಿ ತಂದೆ-ತಾಯಿ ಇದ್ದರೆ ಅನುಕೂಲವೇ, ಆದರೆ ಕೆಲಸ ಬಿಟ್ಟ ದಿನ ಅದು ನಿಲ್ಲುತ್ತದೆ. ಬಿಡುವ ಮುಂಚೆಯೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಹಾಕಿ.

ಸರಕಾರಿ ಕಾರ್ಡು

ರಾಜ್ಯದಲ್ಲಿ 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಹೊರರೋಗಿ ಚಿಕಿತ್ಸೆ ಇದರಲ್ಲಿ ಇಲ್ಲ. ಹಣ ಪಾವತಿ ಪ್ಯಾಕೇಜ್ ಲೆಕ್ಕದಲ್ಲಿ, ಅಂದರೆ ಇಂಥ ಕಾಯಿಲೆಗೆ ಇಷ್ಟು ಎಂಬ ನಿಗದಿ. ವರ್ಷಗಟ್ಟಲೆ ನಿಧಾನವಾಗಿ ನಡೆಯುವ ಕಾಯಿಲೆಗೆ ಈ ಲೆಕ್ಕ ಸರಿಹೊಂದುವುದಿಲ್ಲ, ಮೂಳೆ ಮುರಿತಕ್ಕೆ, ಸೋಂಕಿಗೆ ಹೊಂದುತ್ತದೆ. ತುರ್ತು ಅಲ್ಲದಿದ್ದರೆ ಮೊದಲು ಸರಕಾರಿ ಆಸ್ಪತ್ರೆಗೆ ತೋರಿಸಬೇಕು. ಅಲ್ಲಿ ಆ ಸೌಲಭ್ಯ ಇಲ್ಲವೆಂದು ರೆಫರಲ್ ಬರೆದುಕೊಟ್ಟರೆ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆ. ರೆಫರಲ್ ಇಲ್ಲದೆ ನೇರ ಖಾಸಗಿಗೆ ಹೋಗಿ ಪೂರ್ತಿ ಬಿಲ್ಲು ಕಟ್ಟಿ ಬರುವವರು ಬಹಳ.

2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರ 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, 5 ಲಕ್ಷದ ‘ವಯ ವಂದನಾ’ ಕಾರ್ಡಿಗೆ ಚಾಲನೆ ನೀಡಿತು. ನಿಮ್ಮ ಹಿರಿಯರ ಕಾರ್ಡು ಯಾವ ಲೆಕ್ಕದಲ್ಲಿ, ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬುದನ್ನು ದಾಖಲಾಗುವ ಮುಂಚೆಯೇ ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರ ಬಳಿ ಖಚಿತ ಮಾಡಿಕೊಳ್ಳಿ. 104ಕ್ಕೆ, 14555ಕ್ಕೆ ಫೋನ್ ಮಾಡಿಯೂ ಕೇಳಬಹುದು. ಇನ್ನೊಂದು ಮಾತು: ಹೊಲದಲ್ಲಿ ದುಡಿದ ಕೈಗಳ ಬೆರಳ ಗುರುತು ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಹಿರಿಯರು ಕರೆದಲ್ಲಿಗೆ ಬರುವ, ಹೇಳಿದಂತೆ ಕೂರುವ ಸ್ಥಿತಿಯಲ್ಲಿರುವಾಗಲೇ ಆಧಾರ್ ನವೀಕರಣ, ಕಾರ್ಡಿನ ಇ-ಕೆವೈಸಿ ಮುಗಿಸಿಬಿಡಿ. ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಜಂಟಿ ಮಾಡಿಸುವುದೂ ಆಗಲೇ ಆಗಬೇಕು. ತಿಳಿವಳಿಕೆ ಪೂರ್ತಿ ಹೋದಮೇಲೆ ಹಿಂದೆ ಬರೆದುಕೊಟ್ಟ ಮುಕ್ತಿಯಾರ್ ಪತ್ರಕ್ಕೂ ಬೆಲೆ ಉಳಿಯುವುದಿಲ್ಲ.

ಹೊರರೋಗಿ ಖರ್ಚನ್ನೂ ಕೊಡುವ ವ್ಯವಸ್ಥೆಗಳು ನಮ್ಮಲ್ಲಿ ಇವೆ, ಅರ್ಹರೇ ಅವನ್ನು ಮರೆತಿರುತ್ತಾರೆ. ಮಗನೋ ಮಗಳೋ ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದಲ್ಲಿ ಇಎಸ್‌ಐಗೆ ಒಳಪಟ್ಟಿದ್ದರೆ, ಅವರನ್ನೇ ನಂಬಿರುವ ತಂದೆ-ತಾಯಿಗೂ ತಪಾಸಣೆ, ಮಾತ್ರೆ ಸಿಗುತ್ತದೆ. ಮಾಜಿ ಸೈನಿಕರ ಇಸಿಎಚ್‌ಎಸ್ ಕೂಡ ಪಿಂಚಣಿದಾರರಿಗೆ, ಅವಲಂಬಿತರಿಗೆ ಔಷಧಿ ಕೊಡುತ್ತದೆ. ಸೈನ್ಯದಲ್ಲಿ ದುಡಿದು ಬಂದವರ ಮನೆಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ.

ವಿಮೆ ಇಲ್ಲದೆ ಆಗುವ ಕೆಲಸ

ರೋಗ ಪತ್ತೆಗೆ ವಿಮೆ ಕಾಯಬೇಡಿ. ಮೊದಲ ತಪಾಸಣೆಗೆ ದೊಡ್ಡ ಖರ್ಚಿಲ್ಲ, ಅದನ್ನು ತಡಮಾಡಿದರೆ ಆಗುವ ನಷ್ಟ ದೊಡ್ಡದು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಬಿದ್ದಾಗ ತಲೆಯೊಳಗೆ ಕಟ್ಟಿಕೊಂಡ ರಕ್ತ, ಇವೂ ಡಿಮೆನ್ಷಿಯಾದಂತೆಯೇ ಕಾಣುತ್ತವೆ ಮತ್ತು ಇವುಗಳಲ್ಲಿ ಎಷ್ಟೋ ಚಿಕಿತ್ಸೆಯಿಂದ ಇಳಿಯುತ್ತವೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವನ್ನೂ ಹಿರಿಯ ನಾಗರಿಕರ ಕ್ಲಿನಿಕ್ಕನ್ನೂ ಕೇಳಿ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರಕಾರ 2022ರಲ್ಲಿ ಶುರು ಮಾಡಿದ ‘ಬ್ರೈನ್ ಹೆಲ್ತ್ ಇನಿಷಿಯೇಟಿವ್’ನಡಿ ಬರುವ ಬ್ರೈನ್ ಹೆಲ್ತ್ ಕ್ಲಿನಿಕ್ ಬಗ್ಗೆಯೂ ವಿಚಾರಿಸಿ. ತಾಲ್ಲೂಕು ಮಟ್ಟದಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ. ತಿಕೋಟಾ, ಬಬಲೇಶ್ವರದವರು ತಮ್ಮ ಸರಕಾರಿ ಆಸ್ಪತ್ರೆಯಲ್ಲಿ ಕೇಳಿಕೊಂಡು ಹೊರಟರೆ ಒಂದು ದಿನದ ಕೂಲಿ ಉಳಿಯುತ್ತದೆ. ಇನ್ನೂ ಪರಿಣತ ಅಭಿಪ್ರಾಯ ಬೇಕಾದರೆ ಬೆಂಗಳೂರಿನತನಕ ಹೋಗುವ ಮುಂಚೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ವೈದ್ಯರು ಡೊನೆಪೆಜಿಲ್, ಮೆಮಾಂಟಿನ್‌ನಂಥ ಮಾತ್ರೆ ಬರೆದರೆ ಮೂಲ (ಜನರಿಕ್) ಹೆಸರಿನಲ್ಲೇ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ತಿಂಗಳ ಖರ್ಚಿನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಆದಾಯ ತೆರಿಗೆ ಕಟ್ಟುವ ಮನೆಗಳಿಗೆ ಇನ್ನೊಂದು ದಾರಿ ಇದೆ. 1961ರ ಕಾಯ್ದೆಯ 80ಡಿಡಿಬಿ ಅಡಿಯ ಕಾಯಿಲೆಗಳ ಪಟ್ಟಿಯಲ್ಲಿ ಡಿಮೆನ್ಷಿಯಾ ಹೆಸರಿಟ್ಟೇ ಇದೆ. ಅಂಗವಿಕಲತೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದು ನರರೋಗ ತಜ್ಞರ ಚೀಟಿ ಇದ್ದರೆ, ಹಿರಿಯ ನಾಗರಿಕರ ಚಿಕಿತ್ಸೆಗೆ ಮಾಡಿದ 1 ಲಕ್ಷ ರೂಪಾಯಿವರೆಗಿನ ಖರ್ಚಿಗೆ ವಿನಾಯಿತಿ. ವಿಮೆಯೇ ಇಲ್ಲದ ಹಿರಿಯರ ವೈದ್ಯಕೀಯ ಖರ್ಚಿಗೆ 80ಡಿ ಅಡಿ 50,000ದವರೆಗೆ. ಎರಡೂ ಹಳೆಯ ತೆರಿಗೆ ಪದ್ಧತಿ ಆಯ್ದವರಿಗೆ ಮಾತ್ರ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಅನ್ವಯವಾಗುವುದರಿಂದ ಸೆಕ್ಷನ್ ಸಂಖ್ಯೆ ಬದಲಾಗುತ್ತದೆ, ಲೆಕ್ಕಪತ್ರ ನೋಡುವವರಿಗೆ ನೆನಪಿಸಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲೂ ನೆನಪಿನ ಗಂಭೀರ ತೊಂದರೆ ಮಾನಸಿಕ ಕಾಯಿಲೆಯ ಅಂಗವಿಕಲತೆಯಡಿ ಬರುತ್ತದೆ. ಶೇ 40 ದಾಟಿದರೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ, ಅದರ ಮೇಲೆ ರಾಜ್ಯದ ಮಾಸಾಶನಕ್ಕೆ ಅರ್ಜಿ ಹಾಕಬಹುದು.

ಇಷ್ಟಾದರೂ ಮನೆಯಲ್ಲಿ ಹಗಲು ರಾತ್ರಿ ನೋಡಿಕೊಳ್ಳುವವರಿಗೆ ಯಾರೂ ಹಣ ಕೊಡುವುದಿಲ್ಲ. ಆ ಕೆಲಸ ಸೊಸೆಯದೋ ಮಗಳದೋ ಆಗಿರುತ್ತದೆ; ಅವಳು ಬಿಟ್ಟ ಕೂಲಿ, ಬಿಟ್ಟ ನೌಕರಿ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಬೇರೆ ಕಡೆ ಇದು ಬದಲಾಗಿದೆ. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಆರೈಕೆಗೆಂದೇ ಬೇರೆ ವಿಮೆ ತಂದವು. ಅಮೆರಿಕದ ಮೆಡಿಕೇರ್ 2024ರ ಜುಲೈನಲ್ಲಿ ಡಿಮೆನ್ಷಿಯಾಕ್ಕಾಗಿ ಆರಂಭಿಸಿದ ‘ಗೈಡ್’ ಎಂಬ ಪ್ರಯೋಗದಲ್ಲಿ, ಅರ್ಹ ಕುಟುಂಬದಲ್ಲಿ ಆರೈಕೆ ಮಾಡುವವರಿಗೆ ಬಿಡುವು ಕೊಡಿಸಲು ವರ್ಷಕ್ಕೆ 2,500 ಡಾಲರ್‌ವರೆಗೆ ಕೊಡುತ್ತದೆ. ನಮ್ಮಲ್ಲಿ ಎಕ್ಸ್‌ಕ್ಲೂಷನ್ 05ನ್ನು ಮಿತ ಮೊತ್ತಕ್ಕಾದರೂ ಸಡಿಲಿಸುವುದು, ಆರೋಗ್ಯ ಕರ್ನಾಟಕದಲ್ಲಿ ಹೊರರೋಗಿ ತಪಾಸಣೆಗೆ ಒಂದು ಪ್ಯಾಕೇಜ್ ಸೇರಿಸುವುದು ಆಗದ ಕೆಲಸವಲ್ಲ. ಶಾಸಕರು ಮನೆ ಬಾಗಿಲಿಗೆ ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಬೇಕು. ಅಲ್ಲಿಯವರೆಗೆ ನೋಡಿಕೊಳ್ಳುವವರು ಒಬ್ಬರೇ ಆಗದಂತೆ ಅಣ್ಣತಮ್ಮಂದಿರು ತಿಂಗಳಿಗಿಷ್ಟು ಎಂದು ಹಣವನ್ನೂ ದಿನವನ್ನೂ ಹಂಚಿಕೊಳ್ಳಲಿ. ಸೋತು ಹೋದಾಗ ಮಾತಾಡಲು ಟೆಲಿ-ಮಾನಸ್ 14416, ಹಿರಿಯರ ಸಹಾಯವಾಣಿ 14567 ಇವೆ. ಎರಡರಲ್ಲೂ ಕನ್ನಡದಲ್ಲಿ ಮಾತಾಡಬಹುದು.

ಕೊನೆಗೆ ಮತ್ತೆ ವಿಮೆಯ ಮಾತು. ಕಂಪನಿ ಕ್ಲೈಮ್ ತಿರಸ್ಕರಿಸಿದರೆ ಮೊದಲು ಕಾರಣವನ್ನು, ಪಾಲಿಸಿಯ ಯಾವ ಷರತ್ತಿನಡಿ ಎಂಬುದರ ಸಮೇತ, ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಅಲ್ಲಿ ಆಗದಿದ್ದರೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಜಾಲತಾಣದಲ್ಲಿ ಅಥವಾ 155255ಕ್ಕೆ ಫೋನ್ ಮಾಡಿ ದಾಖಲಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ವಿವಾದ ಅಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾನಸಿಕ ಕಾಯಿಲೆ ಎಂಬ ಒಂದೇ ಕಾರಣಕ್ಕೆ ತಳ್ಳಿದ್ದರೆ 2017ರ ಕಾಯ್ದೆಯ 21ನೇ ಸೆಕ್ಷನ್ ಹೆಸರನ್ನು ಅರ್ಜಿಯಲ್ಲಿ ಬರೆಯಿರಿ. 2021ರಲ್ಲಿ ದೆಹಲಿ ಹೈಕೋರ್ಟ್ ಇಂಥದೇ ಪ್ರಕರಣದಲ್ಲಿ ಪಾಲಿಸಿದಾರರ ಪರ ತೀರ್ಪು ಕೊಟ್ಟಿದೆ. ಅರ್ಜಿಯ ಜೊತೆ ಬೇಕಾಗುವುದು ಪಾಲಿಸಿ ಪುಸ್ತಕ, ತಿರಸ್ಕಾರದ ಪತ್ರ, ಡಿಸ್ಚಾರ್ಜ್ ಸಾರಾಂಶ, ಬಿಲ್ಲುಗಳು ಮತ್ತು ಡಿಮೆನ್ಷಿಯಾ ಎಂದು ಮೊದಲ ಬಾರಿ ಬರೆದ ವೈದ್ಯರ ಚೀಟಿ.